ಹುಳ ಇರುವ ಮನೆಯ ಮಾತು

ನನ್ನ ಮಗಳನ್ನು ಮೂಗಿ ಅಂದರು. ಒಬ್ಬರಲ್ಲ, ಅರ್ಧ ಊರೇ ಅಂದಿತು. ಒಂದನೇ ಕ್ಲಾಸಿಗೆ ಸೇರಿ, ಆಷಾಢ ಕಳೆದು ಶ್ರಾವಣ ಬಂದರೂ ಅವಳು ಶಾಲೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಮನೆಯಲ್ಲಿ ನೋಡಿದರೆ ಅರಳು ಹುರಿದ ಹಾಗೆ ಮಾತಾಡುವ ಹುಡುಗಿ! ಅವಳ ಬಾಯಿ ಮುಚ್ಚಿಸುವುದೇ ನನಗೊಂದು ಕೆಲಸವಾಗಿತ್ತು.

ವಿರೂಪಾಕ್ಷಿಪುರದ ಕಡೆಯ ಹಳ್ಳಿ ನಮ್ಮದು. ಆಗಷ್ಟೇ ಬಿಡದಿ ಸುತ್ತ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದು, ಊರಿನ ಗಂಡಸರನ್ನೆಲ್ಲ ಕಂಪನಿ ಬಸ್ಸು ಹೊತ್ತುಕೊಂಡು ಹೋಗುತ್ತಿತ್ತು. ನನ್ನ ಗಂಡನೂ ಹೋಗುತ್ತಿದ್ದ. ಹೆಂಗಸರಲ್ಲಿ ಅರ್ಧ ಜನ ಗಾರ್ಮೆಂಟ್ಸಿಗೆ ನಡೆದರು. ಹಿಪ್ಪುನೇರಳೆ ಸೊಪ್ಪಿನ ತೋಟ, ರೇಷ್ಮೆ ಹುಳ ನನ್ನ ಮತ್ತು ನನ್ನ ಅತ್ತೆಯ ತಲೆಗೆ ಬಿದ್ದವು. ಹಾಗಾಗಿ ಶಾಲೆಯಲ್ಲಿ ಪೋಷಕರನ್ನು ಕರೆದರೆ ಬರುತ್ತಿದ್ದವರು ಅಜ್ಜಿಯರು, ಮತ್ತೆ ನಾನು.

ಅವತ್ತು ಆ ಅಜ್ಜಿಯರ ಮುಂದೆಯೇ ಟೀಚರಮ್ಮ ಹೇಳಿದರು: "ನಿಮ್ ಮಗಳು ಬಾಯೇ ಬಿಡಲ್ಲ ಅಮ್ಮಾ. ದಿನಾ ಬೆಳಗ್ಗೆ ಎಲ್ಲಾ ಮಕ್ಕಳನ್ನೂ ಕೇಳ್ತೀನಿ, ನಿಮ್ ಮನೇಲಿ ಏನ್ ನಡೀತು ಹೇಳಿ ಅಂತ. ಅವರು ಹೇಳಿದ್ದನ್ನೇ ಬೋರ್ಡ್ ಮೇಲೆ ಬರೆದು ಓದಿಸ್ತೀನಿ. ಇವಳು ತಲೆ ತಗ್ಗಿಸಿ ನಿಂತ್ಬಿಡ್ತಾಳೆ. ದಸರಾ ರಜ ಮುಗಿಯೋವರೆಗೂ ನೋಡೋಣ. ಇಲ್ಲಾಂದ್ರೆ ಇನ್ನೊಂದು ವರ್ಷ ಅಂಗನವಾಡೀಲೇ ಕೂತ್ಕೊಳ್ಳಲಿ."

ಅಯ್ಯೋ, ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಬೀದಿಯ ಸೊಸೆಯರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ. ಆ ಜಂಬ ಸುಮ್ಮನಿರುತ್ತದೆಯೇ? "ನನ್ ಮಗ್ಳು ಸ್ಕೂಲ್ ಮೆಟ್ಲು ಹತ್ತೋ ಹೊತ್ಗೆ ಕಾಗುಣಿತ ಮುಗ್ಸಿರ್ತಾಳೆ ನೋಡ್ತಿರ್ರವ್ವ" ಅಂತ ನಲ್ಲಿಯ ಹತ್ತಿರ ಬಡಾಯಿ ಕೊಚ್ಚಿದ್ದೆ. ಈಗ ಅದೇ ನಲ್ಲಿಗೆ ಬಿಂದಿಗೆ ತೆಗೆದುಕೊಂಡು ಹೋಗಲು ಮುಖವಿರಲಿಲ್ಲ. ಎಲ್ಲರೂ ನೀರು ಹಿಡಿದು ಹೋದ ಮೇಲೆ ಹೋಗುತ್ತಿದ್ದೆ.

ಅತ್ತೆ ತಮಗೆ ತಿಳಿದ ಮದ್ದು ತೆಗೆದರು. "ನಾಲ್ಗೆ ದಪ್ಪ ಐತೆ ಕಣವ್ವ, ಬಜೆ ತಿಕ್ಕು." ಬಜೆ ತೇಯ್ದು, ಜೇನುತುಪ್ಪದಲ್ಲಿ ಕಲಸಿ ತಿಕ್ಕಿದ್ದೂ ಆಯಿತು. ಮಗು ಮುಖ ಕಿವಿಚಿಕೊಂಡು ನೆಕ್ಕಿತು. ಗಂಡ ಡ್ಯೂಟಿ ಮುಗಿಸಿ ಬಂದು, "ಬುಡು ಅತ್ಲಾಗೆ, ಮಾತಾಡ್ತಾಳೆ" ಅಂದು ಉಂಡು ಮಲಗಿದ. ನನಗೆ ಮೈ ಉರಿಯಿತು. ಸ್ಲೇಟು ಬಳಪ ತಂದು ಕೂರಿಸಿದರೆ ಹುಡುಗಿ ಅ ಆ ಇ ಈ ಮುದ್ದಾಗಿ ತಿದ್ದುತ್ತಾಳೆ, ಓದು ಅಂದರೆ ಗಟ್ಟಿಯಾಗಿ ಓದುತ್ತಾಳೆ. "ಇದ್ನೇ ಅಲ್ಲಿ ಒದರೋಕೇನೇ ನಿಂಗೆ?" ಅಂದರೆ ಮಾತ್ರ ಸುಮ್ಮನಾಗಿಬಿಡುತ್ತಾಳೆ. ಒಂದೆರಡು ಏಟನ್ನೂ ಹಾಕಿದೆ. ಏಟು ತಿಂದು ಅತ್ತಳೇ ಹೊರತು ಕಾರಣ ಹೇಳಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಹೊಸ ಬೆಳೆಯ ಹುಳ ದೊಡ್ಡವಾಗಿದ್ದವು. ಹುಳ ಸಾಕುವ ಮನೆಯ ಕಟ್ಟುಪಾಡು ಸಾಕದವರಿಗೆ ತಿಳಿಯುವುದಿಲ್ಲ. ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಪೌಡರು ಬಳಿಯುವಂತಿಲ್ಲ. ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹುಳ ಹೇಗಿವೆ ಅಂತ ಯಾರು ಕೇಳಿದರೂ ಬಾಯಿ ಬಿಡುವಂತಿಲ್ಲ. ಚೆನ್ನಾಗಿ ಮೇಯುತ್ತಿವೆ ಅಂದರೆ ಕಣ್ಣು ಬೀಳುತ್ತದೆ. ಮಳೆ ಹಿಡಿದಾಗ, ಅಂದರೆ ಮಗಳು ಶಾಲೆಗೆ ಸೇರುವುದಕ್ಕೆ ಸ್ವಲ್ಪ ಮುಂಚೆ, ಪಕ್ಕದ ಬೀದಿಯವಳೊಬ್ಬಳು ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ ಮಗಳು, "ನಮ್ ಹುಳ ಗಸಗಸ ತಿಂತಾವೆ, ಇಷ್ಟಿಷ್ಟು ದಪ್ಪ ಆಗವೆ" ಅಂತ ಕೈ ಅಗಲಿಸಿ ತೋರಿಸಿದ್ದಳು. ಅದೇ ವಾರ ಹುಳ ಬೆಳ್ಳಗೆ, ಸುಣ್ಣದ ಕಡ್ಡಿಯ ಹಾಗೆ ಸೆಟೆದು ಸತ್ತವು. ಹುಳ ಮೇಯಿಸುವ ಬಿದಿರು ತಟ್ಟೆಗಳಲ್ಲೇ ಹೊತ್ತು ತಿಪ್ಪೆಯ ಪಕ್ಕ ಗುಂಡಿ ತೋಡಿ ಹೂತೆವು.

ಟೀಚರಮ್ಮ ಹೇಳದೆ ಕೇಳದೆ ಒಂದು ಮಧ್ಯಾಹ್ನ ಮಗಳ ಕೈ ಹಿಡಿದುಕೊಂಡು ಮನೆಗೆ ಬಂದರು. ತಲೆಯಲ್ಲಿ ಮಲ್ಲಿಗೆ, ಮುಖಕ್ಕೆ ಪೌಡರು, ಹತ್ತಿರ ಬರುವ ಮೊದಲೇ ಘಮ್ಮೆನ್ನುತ್ತಿತ್ತು. ನಾನು ಸೊಪ್ಪು ಹಾಕುತ್ತಿದ್ದವಳು ಓಡಿ ಬಂದು ಬಾಗಿಲಿಗೆ ಅಡ್ಡ ನಿಂತುಬಿಟ್ಟೆ. ಎರಡೂ ಕೈ ಬಾಗಿಲ ಚೌಕಟ್ಟಿನ ಮೇಲೆ! ಈಗ ನೆನೆದರೂ ಮೈ ಹಿಡಿಯಾಗುತ್ತದೆ.

"ಮಗು ವಿಷ್ಯ ಒಸಿ ಕೂತು ಮಾತಾಡೋಣಾಂತ ಬಂದೆ" ಅಂದರು, ನಮ್ಮ ಮಾತನ್ನೇ ಆಡಿ ಸಲಿಗೆ ತೋರಿಸುತ್ತಾ.

"ಇಲ್ಲೇ ಜಗ್ಲಿ ಮ್ಯಾಲೆ ಕೂತ್ಕಳಿ ಮೇಡಮ್ಮೋರೆ."

ಅವರು ನನ್ನ ಕೈಗಳನ್ನು ನೋಡಿದರು, ಆಮೇಲೆ ಮುಖ ನೋಡಿದರು. ನಗು ಇಳಿದು ಹೋಯಿತು. "ಯಾಕಮ್ಮಾ, ನಾನು ಒಳಗೆ ಬರಬಾರ್ದಾ?"

ಆ ಪ್ರಶ್ನೆಯಲ್ಲಿ ಏನಿತ್ತು ಅಂತ ನಮ್ಮ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಯಾವ ಜಾತಿ ಏನು ಎತ್ತ ಅಂತ ನಾನು ಅವರನ್ನು ಒಂದು ದಿನವೂ ಕೇಳಿರಲಿಲ್ಲ. ಆದರೆ ಹಾಗೆ ಬಾಗಿಲಲ್ಲೇ ನಿಲ್ಲಿಸಿದ ಮನೆಗಳು ಅವರ ಬದುಕಿನಲ್ಲಿ ಬೇರೆ ಇದ್ದವು ಅನ್ನುವುದು ಅವರ ಮುಖದಲ್ಲೇ ಇತ್ತು. ಹುಳ ಇವೆ ಮೇಡಮ್ಮೋರೆ, ಅದಕ್ಕೆ, ಅಂತ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಬರಲಿಲ್ಲ. ಹೊರಗಿನವರ ಮುಂದೆ ಹುಳದ ಮಾತು ಎತ್ತಬಾರದು ಅಂತ ಹುಟ್ಟಿದಾಗಿನಿಂದ ಪಳಗಿದ ನಾಲಗೆ ಅಲ್ಲಾಡಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳು ತಲೆ ತಗ್ಗಿಸಿ, ಕಾಲು ಬೆರಳಲ್ಲಿ ನೆಲ ಕೆರೆಯುತ್ತಾ ನಿಂತೆ. ಟೀಚರಮ್ಮ ಚೀಲ ಹೆಗಲಿಗೆ ಏರಿಸಿಕೊಂಡು ಜಗುಲಿ ಇಳಿಯಲು ತಿರುಗಿದರು.

ಮಗಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. "ಅವ್ವಾ, ಯೋಳ್ಲಾ?" ಅಂದಳು.

ನಾನು ಹೂಂ ಅಂತ ತಲೆ ಆಡಿಸಿದೆ.

"ಮಿಸ್, ನಮ್ ಮನೇಲಿ ಹುಳ ಅವೆ. ನೀವು ಪೌಡ್ರು ಹಾಕಿದ್ದೀರಲ್ಲ, ಆ ವಾಸ್ನೆಗೆ ಮೇವು ಬುಟ್ಬುಡ್ತವೆ. ನಮ್ ಸೋದ್ರತ್ತೆ ಬಂದ್ರೂ ಒಳೀಕ್ ಬುಡಲ್ಲ ನಮ್ಮವ್ವ. ನಾಕು ಜ್ವರ ಎದ್ದವೆ ಮಿಸ್, ಜ್ವರ ಅಂದ್ರೆ ಮೈ ಬಿಸಿ ಅಲ್ಲ, ಪೊರೆ ಬುಡೋಕೆ ಮಲೀಕತವಲ್ಲ ಅದು. ಇನ್ನೊಸಿ ದಿನಕ್ಕೆ ಗೂಡು ಕಟ್ಟೋಕೆ ಹಣ್ಣಾಯ್ತವೆ, ಆವಾಗ ನಾನೇ ಆರಿಸ್ಕೊಡೋದು..."

ಒಂದೇ ಉಸಿರು. ಟೀಚರಮ್ಮ ಹಾಗೇ ಜಗುಲಿಯ ಮೇಲೆ ಕೂತರು. ಅವರ ಮುಖದಲ್ಲಿ ನಗು ಮರಳಿ ಬಂತು, ಕಣ್ಣಲ್ಲಿ ನೀರೂ ಬಂತು. ಅವಳನ್ನು ಮಂಡಿಯ ಹತ್ತಿರಕ್ಕೆ ಎಳೆದುಕೊಂಡು, "ಅಬ್ಬಾ ನನ್ನ ಬಂಗಾರಿ, ಇಷ್ಟು ಮಾತು ಬರುತ್ತೆ ನಿಂಗೆ! ಶಾಲೇಲಿ ಕೇಳಿದ್ರೆ ಯಾಕೆ ಒಂದೂ ಹೇಳಲ್ಲ?" ಅಂದರು.

"ಮನೆ ವಿಷ್ಯ ಯೋಳುದ್ರೆ ಹುಳ ಸತ್ತೋಯ್ತವೆ ಮಿಸ್. ಆವತ್ತೂ ನಾನೇ ಸಾಯ್ಸಿದ್ದು. ಅವ್ವನೇ ಯೋಳವ್ಳೆ."

ಹೌದು, ಹೇಳಿದ್ದೆ. ಗುಂಡಿಗೆ ತಟ್ಟೆ ಸುರಿಯುತ್ತಾ, "ನಿನ್ ಬಾಯಿಗೆ ಬೆಂಕಿ ಬೀಳ, ನಿನ್ ಬಾಯಿಂದ್ಲೇ ಹೋಯ್ತು ನೋಡು" ಅಂದಿದ್ದೆ. ಅದು ತೇವಕ್ಕೆ ಬರುವ ಬೂಷ್ಟಿನ ರೋಗ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಂದ ಮಾತನ್ನು ಸಂಜೆಗೆ ಮರೆತು ಅವಳಿಗೆ ಮುದ್ದೆ ಮುರಿದು ಉಣ್ಣಿಸಿದ್ದೆ. ಅವಳು ಮರೆತಿರಲಿಲ್ಲ. ಅಷ್ಟು ಪುಟ್ಟ ಜೀವ ಮನೆಯ ಹುಳವನ್ನೆಲ್ಲ ಬಾಯಿ ಮುಚ್ಚಿಕೊಂಡು ಕಾಯುತ್ತಿತ್ತು, ಅದಕ್ಕಾಗಿ ಏಟು ತಿನ್ನುತ್ತಿತ್ತು. ನಾನು ನಾಲಗೆಗೆ ಬಜೆ ತಿಕ್ಕುತ್ತಿದ್ದೆ.

ಟೀಚರಮ್ಮ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ನಾನು ಕೊಟ್ಟ ಬೆಲ್ಲ ತಿಂದು ನೀರು ಕುಡಿದು, "ಹುಳ ಗೂಡು ಕಟ್ಟಿದ ಮೇಲೆ ಬರ್ತೀನಮ್ಮ, ಆಗ ಒಳಗೆ ಕರೀರಿ" ಅಂದು ಬಸ್ಸಿಗೆ ಹೋದರು.

ಮಾರನೇ ದಿನ ಬೋರ್ಡಿನ ಮೇಲೆ "ನಮ್ಮ ಮನೆಯಲ್ಲಿ ಹುಳ ಇವೆ" ಅಂತ ಬರೆದರಂತೆ. ಇಡೀ ಕ್ಲಾಸು ಓದಿತಂತೆ. ಅದನ್ನು ನನಗೆ ಹೇಳಿದ್ದು ಪಕ್ಕದ ಮನೆಯ ಹುಡುಗಿ, ನನ್ನ ಮಗಳಲ್ಲ. ಅವಳು ಚೀಲವನ್ನು ಅಂಗಳದಲ್ಲೇ ಎಸೆದು, ಕೈಕಾಲು ತೊಳೆದು, ನೇರ ಹುಳದ ಹತ್ತಿರ ಓಡಿದ್ದಳು. ಒಂದೊಂದು ತಟ್ಟೆಯ ಸೊಪ್ಪನ್ನೂ ಎತ್ತಿ ಎತ್ತಿ ನೋಡಿದಳು. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು ಸೆರಗು ಹಿಡಿದಳು.

"ಒಂದೂ ಸತ್ತಿಲ್ಲ ಕಣವ್ವ. ನಾಳಿಕೂ ಮಾತಾಡ್ಲಾ?"

ಮಾತಾಡು ನನ್ನವ್ವ ಅಂದೆ. ಆದರೆ ಗೂಡು ಕಟ್ಟುವವರೆಗೂ ದಿನಾ ಸಂಜೆ ಬಂದು ತಟ್ಟೆಗಳನ್ನೆಲ್ಲ ನೋಡುತ್ತಿದ್ದಳು, ನೋಡಿಯೇ ಮಾರನೇ ದಿನಕ್ಕೆ ಅಪ್ಪಣೆ ಕೇಳುತ್ತಿದ್ದಳು.