ಮೂವತ್ತೊಂದರ ಮುಂದೆ ಒಂದು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಜಗಳೂರಿನ ನಮ್ಮ ಅಂಗಡಿಯಲ್ಲಿ ಭಾಮೈದನ ಕಪಾಳಕ್ಕೆ ಬಾರಿಸಿದಾಗ ಅವನ ತುಟಿ ಆಗಲೇ ಒಡೆದು ರಕ್ತ ಬರುತ್ತಿತ್ತು. ತುಟಿ ಒಡೆದವರು ಬೇರೆಯವರು. ಅದನ್ನು ಕಂಡೂ ನಾನು ಕೈ ಎತ್ತಿದೆ.

ನಾವಿಬ್ಬರೂ ಸೇರಿ ಮನೆಗಳಿಗೆ ಇಂಟರ್ನೆಟ್ ಕೊಡುತ್ತಿದ್ದೆವು. ಚನ್ನಗಿರಿಯಲ್ಲಿ ನಾನು, ಜಗಳೂರಿನಲ್ಲಿ ಹೆಂಡತಿಯ ತಮ್ಮ. ಯಾವ ವೆಬ್‌ಸೈಟಿನ ಹೆಸರು ಯಾವ ವಿಳಾಸದಲ್ಲಿದೆ ಎಂದು ಹೇಳುವ ಸರ್ವರ್ ನನ್ನ ಬಳಿ ಇತ್ತು, ಅದರ ನಕಲು ಅವನ ಬಳಿ. ನಾನು ಆ ಹೆಸರು-ವಿಳಾಸಗಳ ಪಟ್ಟಿ ತಿದ್ದಿದಾಗಲೆಲ್ಲ ಮೇಲೊಂದು ಕ್ರಮಸಂಖ್ಯೆ ಹಾಕಬೇಕು. ಜಗಳೂರಿನ ಸರ್ವರ್ ಆ ಸಂಖ್ಯೆಯನ್ನಷ್ಟೇ ನೋಡುತ್ತದೆ. ತನ್ನಲ್ಲಿರುವುದಕ್ಕಿಂತ ದೊಡ್ಡದಿದ್ದರೆ ಹೊಸ ಪಟ್ಟಿ ತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಳೆಯದನ್ನೇ ಹಿಡಿದು ಕೂರುತ್ತದೆ. ಆ ದಿನದ ತಾರೀಖನ್ನೇ ಸಂಖ್ಯೆಯಾಗಿ, ವರ್ಷ ಮೊದಲು ಬರೆಯುವುದು ರೂಢಿ ಎಂದು ಓದಿದ್ದೆ. ಆದರೆ ನಮ್ಮ ಕಡೆ ಲಗ್ನಪತ್ರಿಕೆಯಿಂದ ಅಡಿಕೆ ಮಂಡಿಯ ಚೀಟಿಯವರೆಗೆ ದಿನವೇ ಮೊದಲು. ನನಗೆ ಹೇಳಿಕೊಡಲು ಇವರು ಯಾರು ಎಂಬ ಧಿಮಾಕಿನಲ್ಲಿ ದಿನ, ತಿಂಗಳು, ವರ್ಷ ಎಂದೇ ಬರೆದೆ. ಶುರುಮಾಡಿದ ಆ ತಿಂಗಳು ಪೂರ್ತಿ ಸಂಖ್ಯೆ ಏರುತ್ತಲೇ ಹೋಯಿತು, ಎಲ್ಲವೂ ಸರಿಯಾಗಿತ್ತು.

ಮೂವತ್ತೊಂದು ಕಳೆದು ಒಂದನೇ ತಾರೀಖಿಗೆ ಹೊನ್ನಾಳಿಯ ರಕ್ತಪರೀಕ್ಷೆ ಲ್ಯಾಬಿನವರು ತಮ್ಮ ಸೈಟಿನ ವಿಳಾಸ ಬದಲಿಸಿದರು. ನಾನು ಪಟ್ಟಿ ತಿದ್ದಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಲ್ಲಿ ಸೈಟು ತೆರೆಯಿತು, ಜಗಳೂರಿನಲ್ಲಿ ತೆರೆಯಲಿಲ್ಲ. ಸೊಕ್ಕೆ ಊರಿನವನೊಬ್ಬ ತನ್ನ ತಾಯಿಯ ರಿಪೋರ್ಟಿಗಾಗಿ ಎರಡು ದಿನ ಅಂಗಡಿಗೆ ಅಲೆದ. ಅದನ್ನು ನೋಡದೆ ಡಾಕ್ಟರು ಔಷಧಿ ಬರೆಯುತ್ತಿರಲಿಲ್ಲವಂತೆ. ಮೂರನೇ ದಿನ ತಮ್ಮಂದಿರನ್ನು ಕರೆತಂದು ಬಾಗಿಲ ಗಾಜು ಪುಡಿ ಮಾಡಿದ, ಭಾಮೈದನನ್ನು ಅಂಗಿ ಹಿಡಿದು ಹೊರಗೆಳೆದು ಹೆಲ್ಮೆಟ್ಟಿನಿಂದ ಮುಖಕ್ಕೆ ಹೊಡೆದ.

ಸುದ್ದಿ ಕೇಳಿ ಬೈಕ್ ಹತ್ತಿದೆ. ಈ ಸೋಮಾರಿ, ಸರ್ವರ್ ಆಫ್ ಮಾಡಿ ಮಲಗಿರಬೇಕು ಎಂದು ದಾರಿಯುದ್ದಕ್ಕೂ ಹಲ್ಲು ಕಡಿದೆ. ಹೋದವನೇ ಅದನ್ನೇ ಕೂಗಿದೆ. ಅವನು ತುಟಿ ಒರೆಸಿಕೊಳ್ಳುತ್ತ ಹೇಳಿದ:

“ಸರ್ವರ್ ನಡೀತಾನೇ ಐತೆ ಭಾವ. ಇದರಾಗೆ ಇನ್ನೂ ಮೂವತ್ತೊಂದರ ಪಟ್ಟೀನೇ ಐತೆ. ನೀವು ಹಾಕಿದ ನಂಬರ್ ಒಂದ್ಸಲ ನೋಡ್ರಿ.”

ನನಗೇ ಪಾಠ ಹೇಳುತ್ತಾನಲ್ಲ ಎನಿಸಿತು. ಹಿಂದೆ ಮುಂದೆ ನೋಡದೆ ಎಡಗೆನ್ನೆಗೆ ಬಿಟ್ಟೆ. ಅವನು ಗೋಡೆಗೆ ಬಡಿದು ಕುಸಿದ. ಎದ್ದವನಿಗೆ ಇನ್ನೊಂದು ಕೊಟ್ಟೆ. ಅದು ಎಡಗಿವಿಯ ಮೇಲೆ ಬಿತ್ತು.

ಆಮೇಲೆ ಪರದೆ ನೋಡಿದೆ. ಅವನಲ್ಲಿದ್ದ ಸಂಖ್ಯೆ ಮೂವತ್ತೊಂದರಿಂದ ಶುರುವಾಗಿತ್ತು, ನಾನು ಹಾಕಿದ್ದು ಸೊನ್ನೆ ಒಂದರಿಂದ. ನನ್ನ ಹೊಸ ಪಟ್ಟಿಯೇ ಅವನ ಸರ್ವರಿನ ಕಣ್ಣಿಗೆ ಹಳೆಯದು. ಅಲ್ಲಿಂದಲೇ ಚನ್ನಗಿರಿಯ ಸರ್ವರಿಗೆ ಹೊಕ್ಕು ವರ್ಷ ಮೊದಲು ಹಾಕಿ ಬರೆದೆ. ಇಪ್ಪತ್ತರಿಂದ ಶುರುವಾಗುವ ಅದೂ ಮೂವತ್ತೊಂದಕ್ಕಿಂತ ಚಿಕ್ಕದೇ, ಹಾಗಾಗಿ ಜಗಳೂರಿನ ಹಳೆಯ ನಕಲನ್ನು ಅಳಿಸಿ ಹೊಸದಾಗಿ ತರಿಸಿದೆ. ಸ್ವಲ್ಪ ಹೊತ್ತಿನಲ್ಲೇ ರಿಪೋರ್ಟು ತೆರೆಯಿತು. ಅಲ್ಲಿಯವರೆಗೂ ಹೊರಗೆ ಕಾದು ಕೂತಿದ್ದ ಸೊಕ್ಕೆಯವನು ಪ್ರಿಂಟ್ ತೆಗೆದುಕೊಂಡು, ಭಾಮೈದನ ಕೈ ಹಿಡಿದು ತಪ್ಪಾಯಿತು ಎಂದು ಹೇಳಿ ಹೋದ. ನಾನು ಹೇಳಲಿಲ್ಲ. ಹಿರಿಯ ಭಾವನಲ್ಲವೇ ನಾನು, ನಾಚಿಕೆಗೇಡಿ.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಾನು ಕೆಡಿಸಿದ್ದು ನನ್ನ ಮೂಗನ್ನಲ್ಲ. ಭಾಮೈದನ ಕಿವಿಯ ತಮಟೆ ಹರಿದಿದೆ, ಮತ್ತೆ ಸರಿಯಾಗುವುದು ಕಷ್ಟ ಎಂದರು ದಾವಣಗೆರೆಯ ಡಾಕ್ಟರು.

ಹೋದ ವಾರ ಅವನ ಎಡಕ್ಕಿದ್ದ ಕುರ್ಚಿಯಲ್ಲಿ ಕೂತು ಮೌಸಿಗೆ ಕೈ ಚಾಚಿದೆ. ಅವನು ಕಣ್ಣು ಮುಚ್ಚಿ ಮುಖಕ್ಕೆ ಕೈ ಅಡ್ಡ ಹಿಡಿದ. ನಾನು ಕೈ ಹಿಂದೆ ತೆಗೆದುಕೊಂಡು, ತಪ್ಪಾಯಿತು ಕಣಪ್ಪಾ ಎಂದು ಮೆಲ್ಲಗೆ ಹೇಳಿದೆ. ಅವನಿಗೆ ಕೇಳಿಸಲಿಲ್ಲ.