ಪಕ್ಕದ ಮನೆಯಾಕೆಯ ನಿದ್ದೆ

ಅಫ್ರೀನ ಮನೋರೋಗ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಮುಗಿಸಿ ಬಾಗೇವಾಡಿಗೆ ಮರಳಿದಾಗ ಅವಳ ಮುಂದಿನ ವರ್ಷದ ಯೋಜನೆ ಪೂರ್ತಿ ಸಿದ್ಧವಿತ್ತು. ಮೊದಲು ಹಿರಿಯ ಡಾಕ್ಟರೊಬ್ಬರ ಕೈಕೆಳಗೆ ಪಳಗುವುದು, ಆಮೇಲೆ ರೋಗಿಗಳನ್ನು ತಾನೇ ಮಾತಾಡಿಸುವುದು, ಅದಾದ ಮೇಲೆ ಹಳ್ಳಿಗಳಿಗೆ ಹೋಗುವುದು. ಓದಿನಿಂದ ಕೆಲಸಕ್ಕೆ ಕಾಲಿಡುವಾಗ ಯೋಜನೆ ಇರಬೇಕೆಂದು ಕಾಲೇಜಿನ ಮೇಡಮ್ಮು ಹೇಳಿಕೊಟ್ಟಿದ್ದರು. ಊರಿನ ಬಳಿಯೂ ಅವಳಿಗಾಗಿ ಒಂದು ಯೋಜನೆ ಇರುತ್ತದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಮೊದಲ ಯೋಜನೆ ತಾಯಿ ಸೈದಾಬಿಯದು. ಸಿಂದಗಿಯ ಗಂಡಿನ ಕಡೆಯವರಿಗೆ ಕೊಡುವ ಬಯೋಡಾಟಾದಲ್ಲಿ ಆಕೆ ಬರೀ 'ನರ್ಸಿಂಗ್' ಎಂದು ಬರೆಸಿದ್ದಳು.

"ಹುಚ್ಚರ ನರ್ಸ್ ಅಂದ್ರ ಸಿಂದಗಿಯವರು ಗಾಡಿನೂ ಹತ್ತಂಗಿಲ್ಲ. ಕೇಳಿದ್ರ ಹಾರ್ಟಿನ ವಿಭಾಗ ಅಂತೇನಿ."

"ಅದು ಸುಳ್ಳಲ್ಲೇನಮ್ಮಾ?"

"ಮನಸ್ಸು ಇರೂದು ಎದಿಯೊಳಗ ಅಲ್ಲೇನು ಮತ್ತ?"

ಅಫ್ರೀನ ಬಯೋಡಾಟಾ ಮಡಚಿ ತಾಯಿಯ ಕೈಗೇ ಮರಳಿಸಿದಳು.

ಎರಡನೆಯ ಯೋಜನೆ ಡಾಕ್ಟರ್ ಪ್ರೇಮಕುಮಾರರದು. ಅವರ ಖಾಸಗಿ ಆಸ್ಪತ್ರೆಗೆ ನೆಗಡಿಯೆಂದು ಹೋದವರೂ ಸಲೈನ್ ಹಚ್ಚಿಸಿಕೊಂಡೇ ಹೊರಬೀಳುತ್ತಿದ್ದರು. ಹಚ್ಚದಿದ್ದರೆ ಜನವೇ ಡಾಕ್ಟರನ್ನು ನಂಬುತ್ತಿರಲಿಲ್ಲ. ವಿಜಯಪುರದ ಮನೋವೈದ್ಯರೊಬ್ಬರು ವಾರಕ್ಕೊಮ್ಮೆ ಬಂದು ಔಷಧಿ ಬರೆಯುವುದು, ಉಳಿದ ದಿನ ಅಫ್ರೀನ ನೋಡಿಕೊಳ್ಳುವುದು ಎಂದು ಮಾತಾಯಿತು. ಸಲೈನ್ ಡಬ್ಬಿ ಇಡುವ ಕೋಣೆಯನ್ನು ಖಾಲಿ ಮಾಡಿಸಿ 'ಮಾನಸಿಕ ಆರೋಗ್ಯ' ಎಂಬ ಬೋರ್ಡು ಹಾಕಿಸಿದರು.

"ನೋಡವಾ ಸಿಸ್ಟರ್, ದಸರಾದೊಳಗ ಒಬ್ಬರಾದ್ರೂ ಖಾಯಂ ಪೇಷಂಟ್ ಹೆಸರು ಬರಸಬೇಕು. ಇಲ್ಲಂದ್ರ ನೀ ಸಲೈನ್ ವಾರ್ಡಿಗೆ, ಡಬ್ಬಿ ವಾಪಸ್ ಇಲ್ಲಿಗೆ."

ಸೂಜಿ ಚುಚ್ಚುವುದಕ್ಕಾಗಿ ಅವಳು ಇಷ್ಟು ವರ್ಷ ಓದಿರಲಿಲ್ಲ.

ಜನ ಬರಲಿಲ್ಲವೆಂದಲ್ಲ. ಬಂದರು, ಆದರೆ ಬಂದವರೆಲ್ಲ ಗಟ್ಟಿಮುಟ್ಟಾಗಿದ್ದರು. ಚಪ್ಪಲಿಯನ್ನು ಪಕ್ಕದ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ಇತ್ತ ನುಸುಳುತ್ತಿದ್ದರು. ಕಂಡವರು ಹಲ್ಲುನೋವು ಅಂದುಕೊಳ್ಳಲಿ ಎಂಬ ಉಪಾಯ. ಒಳಗೆ ಬಂದವರಿಗೆ ಸ್ವಂತದ್ದೊಂದು ಚಿಂತೆಯೂ ಇರುತ್ತಿರಲಿಲ್ಲ. ಒಬ್ಬರಿಗೆ ಷಡ್ಡಕನ ಕಾಟ, ಇನ್ನೊಬ್ಬರಿಗೆ ಮುದ್ದೇಬಿಹಾಳದಲ್ಲಿರುವ ಗೆಳೆಯನ ಎದೆಬಡಿತ. ಇಡೀ ತಾಲೂಕು ಇನ್ನೊಬ್ಬರ ಸಲುವಾಗಿ ನಿದ್ದೆಗೆಟ್ಟಿತ್ತು. ಇಂಥ ಪರೋಪಕಾರಿ ಜನ ಬೇರೆಲ್ಲಿ ಸಿಕ್ಕಾರು?

ಅಫ್ರೀನ ಪುಸ್ತಕ ಹೇಳಿದಂತೆ ನಡೆದಳು. "ಪೇಷಂಟನ್ನ ಕರ್ಕೊಂಡ ಬರ್ರಿ" ಎಂದು ಎಲ್ಲರನ್ನೂ ಕಳಿಸಿದಳು. ಹೋದವರು ತಿರುಗಿ ಬರಲಿಲ್ಲ. ಅಷ್ಟು ಓದಿದ ಹುಡುಗಿಗೆ ಇಷ್ಟು ತಿಳಿಯಲಿಲ್ಲ ನೋಡಿ.

ಒಂದು ದಿನ ಮಸೂತಿ ಹಳ್ಳಿಯ ಕಸ್ತೂರೆವ್ವ ಬಂದಳು. ಐವತ್ತು ದಾಟಿದ ಹೆಂಗಸು, ಸೆರಗನ್ನು ಹಣೆಯ ತನಕ ಎಳೆದುಕೊಂಡಿದ್ದಳು.

"ನಮ್ಮ ಬಾಜೂ ಮನಿಯಾಕಿ ಅದಾಳ್ರಿ. ನಿದ್ದಿನ ಹತ್ತಂಗಿಲ್ಲ. ರೊಟ್ಟಿ ಬಡಿಯೂ ಮುಂದ ಸುಮ್ಮಸುಮ್ಮನ ಅಳು ಬರ್ತೈತಿ. ಮಂದಿ ನೋಡ್ಯಾರಂತ ಹೊಗಿ ಕಣ್ಣಿಗೆ ಬಡೀತು ಅಂತಾಳ."

"ಆಕಿನ್ನ ಕರ್ಕೊಂಡ ಬರ್ರಿ ಯವ್ವಾ."

"ಆಕಿ ಬರಂಗಿಲ್ಲ ಬಿಡ್ರಿ" ಎಂದು ಕಸ್ತೂರೆವ್ವ ಎದ್ದಳು. ಏಳುವಾಗ ಸೆರಗು ಸರಿಯಿತು. ಕಣ್ಣು ಕೆಂಪಗೆ ಊದಿದ್ದವು. ಈ ಕೋಣೆಯಲ್ಲಿ ಹೊಗೆಯಂತೂ ಇರಲಿಲ್ಲ.

ಅಫ್ರೀನಳಿಗೆ ತನ್ನ ಮೇಲೇ ಸಿಟ್ಟು ಬಂತು. ಓಡಿಹೋಗಿ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಅವಳ ಕೈ ಹಿಡಿದಳು.

"ಯವ್ವಾ, ಆಕಿ ಬರೂದು ಬ್ಯಾಡ. ಆಕಿ ಸುದ್ದಿ ನೀವ ಹೇಳ್ರಿ, ನಾ ಕೇಳ್ತೇನಿ."

ಕಸ್ತೂರೆವ್ವ ಒಳಗೆ ಬಂದು ಬಹಳ ಹೊತ್ತು ಹೇಳಿದಳು. ಅಫ್ರೀನ ಸುತ್ತುಬಳಸದೆ, "ಸಾಯಬೇಕು ಅಂತ ಅನಸ್ತೈತೇನ್ರಿ ಆಕಿಗೆ?" ಎಂದು ಕೇಳಿದಳು. "ಮೊದಲ ಅನಸ್ತಿತ್ತಂತರಿ. ಈಗ ಇಲ್ಲಂತ. ಮೊಮ್ಮಗಳು ಹುಟ್ಟ್ಯಾಳಲ್ರಿ" ಎಂಬ ಉತ್ತರ ಬಂದಿತು. ಮತ್ತೆ ಹಾಗನ್ನಿಸಿದರೆ ತಕ್ಷಣ ಫೋನ್ ಮಾಡಬೇಕೆಂದು ಅಫ್ರೀನ ತನ್ನ ನಂಬರನ್ನು ಬಾಜೂ ಮನೆಯಾಕೆಗೆಂದೇ ಕೊಟ್ಟಳು. ಮುಂದಿನ ವಾರವೂ, ಅದರ ಮುಂದಿನ ವಾರವೂ ಕಸ್ತೂರೆವ್ವ ಬಂದು ಆಕೆಯ ವರದಿ ಒಪ್ಪಿಸಿದಳು. ಅವಳ ಬಾಯಿಂದ ಸುದ್ದಿ ಹಬ್ಬಿ ಷಡ್ಡಕರ, ಗೆಳೆಯರ ಚಿಂತೆ ಹೊತ್ತವರೆಲ್ಲ ತಿರುಗಿ ಬಂದರು. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಚಪ್ಪಲಿಯ ರಾಶಿ ಕಂಡು ಬಾಗೇವಾಡಿಯವರ ಹಲ್ಲೇ ಕೆಟ್ಟುಹೋಗಿವೆ ಎಂದು ಊರು ಮಾತಾಡಿಕೊಂಡಿತು.

ಆದರೆ ರೋಗಿಯೆಂದು ಹೆಸರು ಬರೆಸಿದವರು ಯಾರೂ ಇಲ್ಲ. ದಸರಾ ಬಂದೇ ಬಿಟ್ಟಿತು. ಪ್ರೇಮಕುಮಾರರು ಡಬ್ಬಿ ಹೊರುವವರನ್ನು ಕರೆದುಕೊಂಡೇ ಬಂದರು.

"ಒಬ್ಬರಾದ್ರೂ ಪೇಷಂಟ್ ಅದಾರೇನವಾ? ಬರೇ ಬೀಗರು, ಬಾಜೂ ಮನಿಯವರು!"

"ಅವರೇ ಪೇಷಂಟ್ರಿ, ಸರ್."

"ಹೆಸರ ಇಲ್ಲದ ಪೇಷಂಟ್? ನಿನಗ ಪೇಷಂಟ್‌ಗಳ ಗುಣ ಹತ್ತೇತಿ ನೋಡು" ಎಂದು ಡಾಕ್ಟರು ನಕ್ಕರು. ಅಫ್ರೀನ ತಲೆ ತಗ್ಗಿಸಿ ತನ್ನ ಚೀಲಕ್ಕೆ ಕೈಹಾಕಿದಳು. ಪುಸ್ತಕ, ಪೆನ್ನು ಅದರೊಳಗೆ ತುಂಬತೊಡಗಿದಳು.

ಅಷ್ಟರಲ್ಲಿ ಕಸ್ತೂರೆವ್ವ ಬಂದಳು. ಅಂದು ಸೆರಗು ಹೆಗಲ ಮೇಲಿತ್ತು.

"ನೀವ ಅಂದಿದ್ರಲ್ರಿ ಸಿಸ್ಟರ್, ಬಾಜೂ ಮನಿಯಾಕಿನ್ನ ಕರ್ಕೊಂಡ ಬಾ ಅಂತ. ಕರ್ಕೊಂಡ ಬಂದೇನಿ."

ಡಾಕ್ಟರು ಕುತ್ತಿಗೆ ಉದ್ದ ಮಾಡಿ ಹೊರಗೆ ಇಣುಕಿದರು. ಹೊಸಿಲಲ್ಲಿ, ಬೋರ್ಡಿನ ಕೆಳಗೇ, ಒಂದು ಜೊತೆ ಸವೆದ ಚಪ್ಪಲಿ ಇದ್ದವು. ಮನುಷ್ಯರು ಯಾರೂ ಇರಲಿಲ್ಲ.

"ಎಲ್ಲಿ ಅದಾಳವಾ ಆಕಿ?"

ಅಫ್ರೀನ ಕುರ್ಚಿ ಎಳೆದು ಕಸ್ತೂರೆವ್ವಳನ್ನು ಕೂಡಿಸಿದಳು, ಪೆನ್ನು ತೆಗೆದುಕೊಂಡಳು.

"ಹೆಸರು ಹೇಳ್ರಿ, ಯವ್ವಾ."

"ಕಸ್ತೂರೆವ್ವ ಅಂತ ಬರೀರಿ" ಎಂದಳು ಆಕೆ, ಡಾಕ್ಟರಿಗೂ ಡಬ್ಬಿ ಹೊರುವವರಿಗೂ ಕೇಳುವಷ್ಟು ಗಟ್ಟಿಯಾಗಿ.