ಹಂಚಿನ ಸದ್ದು ಕೇಳುತ್ತಿದ್ದ ಅಕ್ಕ

ಮೆಲ್ಕಾರಿನ ಅಂಗಡಿಯಿಂದ ತಂದ ಹೊಸ ಹೂಜಿಗೆ ಮೊನ್ನೆ ನೀರು ತುಂಬಿಸಿದೆ. ಸುಟ್ಟ ಮಣ್ಣು ನೀರು ಕುಡಿಯುವಾಗ ಏಳುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಂಚಿನ ಕಾರ್ಖಾನೆಯ ಅಂಗಳದಲ್ಲಿದ್ದೆ. ಅಲ್ಲಿ ಹಂಚು ಸುಡುವ ಗೂಡಿನ ಎದುರು ಅಕ್ಕ ಕೂತಿದ್ದರು...

ಅರುವತ್ತರ ದಶಕದ ಮೊದಲ ವರ್ಷಗಳು. ನರಿಕೊಂಬಿನ ಹೊಳೆಬದಿಯಲ್ಲಿದ್ದ ಆ ಕಾರ್ಖಾನೆಯಲ್ಲಿ ನಾನು ರೈಟರ್. ಹೆಸರಿಗೆ ಗುಮಾಸ್ತ, ಗತ್ತಿಗೆ ಕಲೆಕ್ಟರ್. ಅಲ್ಲಿ ಪ್ಯಾಂಟು ಹಾಕುತ್ತಿದ್ದವನು ನಾನೊಬ್ಬನೇ ಆದ್ದರಿಂದ ನನಗೆ ಎಲ್ಲವೂ ತಿಳಿಯುತ್ತದೆ ಎಂದು ನಂಬಿದ್ದೆ. ಅಕ್ಕ ನನ್ನ ಒಡಹುಟ್ಟಿದವರಲ್ಲ. ಇಡೀ ಕಾರ್ಖಾನೆಯೇ ಅವರನ್ನು ಹಾಗೆ ಕರೆಯುತ್ತಿತ್ತು. ಗೂಡಿನಲ್ಲಿ ಸುಟ್ಟು ಹೊರಬಂದ ಹಂಚನ್ನು ಎಡಗೈಯಲ್ಲಿ ಎತ್ತಿ, ಬಲಗೈಯ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು, ಸದ್ದು ಕೇಳುವುದು ಅವರ ಕೆಲಸ. ಕಂಚಿನ ಹಾಗೆ ನುಡಿದರೆ ಬಲಕ್ಕೆ, ಮಂಕಾಗಿ ನುಡಿದರೆ ಎಡಕ್ಕೆ. ಮಿಕ್ಕ ಹೆಂಗಸರೆಲ್ಲ ಮಣ್ಣು ಹೊರುವವರು. ಹನ್ನೆರಡು ವರ್ಷ ಮಣ್ಣು ಹೊತ್ತ ಮೇಲೆ ಅಕ್ಕನಿಗೆ ಕೂತು ಮಾಡುವ ಆ ಕೆಲಸ ಸಿಕ್ಕಿತ್ತು.

ಆ ವರ್ಷ ಅವರ ತಂಗಿ ಬಾಣಂತನದಲ್ಲಿ ತೀರಿಕೊಂಡರು. ಸೂತಕ ಕಳೆದು ಕೆಲಸಕ್ಕೆ ಬಂದ ಅಕ್ಕ ಹಂಚು ಬಡಿಯುತ್ತಾ ಅಳುತ್ತಿದ್ದರು. ಸದ್ದಿಲ್ಲದ ಅಳು; ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಆ ವಾರ ಗೂಡಿನಿಂದ ಬಂದ ಹಂಚಿನಲ್ಲಿ ಅರ್ಧದಷ್ಟನ್ನು ಅವರು ಎಡಕ್ಕೆ ಇಟ್ಟರು. ಗೂಡಿನ ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಬೆಂಕಿಯ ಹದ ತಪ್ಪಿದೆ ಎಂದು ಒಬ್ಬ ಹೆಂಗಸು ಹೇಳಿದ ಹಾಗಾಯಿತಲ್ಲ. ಅಳುವವಳಿಗೆ ಎಲ್ಲ ಹಂಚೂ ಮಂಕಾಗಿಯೇ ಕೇಳುತ್ತದೆ ಎಂದು ಕೂಗಾಡಿ, ಮೂರು ಹಂಚನ್ನು ನೆಲಕ್ಕೆ ಅಪ್ಪಳಿಸಿ ಒಡೆದು ಹೊರಟುಹೋದರು.

ವಿಚಾರಿಸಿ ಬರೆದುಕೊಡು ಎಂದು ಧಣಿಗಳು ನನಗೆ ಹೇಳಿದರು. ನಾನು ಅಕ್ಕನ ಹತ್ತಿರ ಹೋಗಿ ಒಂದು ಮಾತೂ ಕೇಳಲಿಲ್ಲ. ಕೆಂಪಾದ ಕಣ್ಣು ದೂರದಿಂದಲೇ ಕಾಣುತ್ತಿತ್ತಲ್ಲ, ಅಷ್ಟು ಸಾಕಾಯಿತು. ‘ಮೇಸ್ತ್ರಿ ಶಿಸ್ತಿನ ಮನುಷ್ಯ, ಹೆಂಗಸಿನ ಮನಸ್ಸು ಸ್ಥಿಮಿತದಲ್ಲಿಲ್ಲ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ. ಮರುದಿನ ಅಕ್ಕ ತಲೆಗೆ ಸಿಂಬೆ ಇಟ್ಟುಕೊಂಡು ಮತ್ತೆ ಮಣ್ಣು ಹೊರಲು ಹೋದರು. ನನ್ನ ಕಡೆ ನೋಡಲೂ ಇಲ್ಲ. ನ್ಯಾಯ ಮಾಡಿದೆನೆಂಬ ಸಮಾಧಾನ ನನಗೆ... ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಕ್ಕ ಬೇಡವೆಂದ ಹಂಚನ್ನೂ ಸೇರಿಸಿಕೊಂಡು ಲಾರಿ ಮೂಡುಬಿದಿರೆಗೆ ಹೋಯಿತು, ಒಂದು ಹೊಸ ಮನೆಯ ಮಾಡಿಗೆ ಹೊದಿಸಲು. ಮಳೆಗಾಲದ ಎರಡನೆಯ ವಾರ ಆ ಮನೆಯ ಯಜಮಾನರು ಒದ್ದೆ ಕೊಡೆ ಹಿಡಿದು ಆಫೀಸಿಗೇ ಬಂದರು. ಅರೆಬೆಂದ ಹಂಚು ನೀರು ಕುಡಿದು ಒಸರುತ್ತಿದೆಯಂತೆ. ಚಾವಡಿಯಲ್ಲಿ ಪಾತ್ರೆ ಇಡಲು ಜಾಗ ಸಾಲುವುದಿಲ್ಲವಂತೆ. ಧಣಿಗಳು ನನ್ನನ್ನು ನೋಡಿದರು. ನಾನು ನನ್ನ ಕಾಲಿನ ಹೆಬ್ಬೆರಳು ನೋಡಿದೆ.

ಅಕ್ಕನನ್ನು ಕರೆಸಿದರು. ನಮ್ಮ ನಡುವೆ ಯಾವಾಗಲೂ ತುಳುವೇ. ಆಫೀಸಿನ ಹೊಸ್ತಿಲು ದಾಟಿದರೆ ಮಾತ್ರ ಅಕ್ಕ ಶಾಲೆಯಲ್ಲಿ ಕಲಿತ ಕನ್ನಡವನ್ನು ನಿಧಾನವಾಗಿ ಆಡುತ್ತಿದ್ದರು. ನಾಳೆಯಿಂದ ಹಳೆಯ ಕೆಲಸಕ್ಕೆ ಬಾ ಎಂದು ಧಣಿಗಳು ಹೇಳಿದಾಗ ಅವರು ಒಪ್ಪಿ ಹೊರಟುಬಿಡಲಿಲ್ಲ. ನಾನು ಬರೆದದ್ದನ್ನು ಓದಿ ಹೇಳಬೇಕೆಂದರು. ಓದಿದೆ. ಮೇಸ್ತ್ರಿ ಮೂರು ಹಂಚು ಒಡೆದದ್ದನ್ನು ಎಲ್ಲಿ ಬರೆದಿದ್ದೀರಿ ಎಂದು ಕೇಳಿದರು. ಎಲ್ಲಿಯೂ ಇರಲಿಲ್ಲ.

“ಅವರಿಗೆ ಸಿಟ್ಟು ಬಂದರೆ ಕಿವಿ ಸರಿ ಉಂಟು, ನನಗೆ ಅಳು ಬಂದರೆ ಕಿವಿ ಇಲ್ಲ. ಹಾಗಾ ರೈಟರೇ?” ಎಂದರು. ಸ್ವರ ಏರಲಿಲ್ಲ. “ತಂಗಿ ಹೋದದ್ದಕ್ಕೆ ಅತ್ತದ್ದು. ಇನ್ನೂ ಅಳ್ತೇನೆ. ಹಂಚಿನ ಸದ್ದು ಸಹ ಕೇಳ್ತೇನೆ. ಎರಡೂ ಆಗ್ತದೆ ನನಗೆ.”

ನಾನು ಆ ಸಾಲನ್ನು ಗೀಟೆಳೆದು ಹೊಡೆದುಹಾಕಿದೆ. ಕೆಳಗೆ ‘ವಿಚಾರಿಸದೆ ಬರೆದದ್ದು, ತಪ್ಪು’ ಎಂದು ಸೇರಿಸಿ, ಅದನ್ನೂ ಓದಿ ಹೇಳಿದೆ. ಧಣಿಗಳು ಕೆಮ್ಮಿದರು. ಅಕ್ಕ ತಲೆಯಾಡಿಸಿ ಗೂಡಿನ ಕಡೆ ನಡೆದರು.

ಮೇಸ್ತ್ರಿ ಕೆಟ್ಟವರಲ್ಲ. ವರ್ಷ ಕಳೆಯುವಷ್ಟರಲ್ಲಿ ಅವರೇ ಗೂಡಿನಿಂದ ಮೊದಲ ಹಂಚನ್ನು ತಂದು ಅಕ್ಕನ ಮುಂದಿಟ್ಟು, ಅವರು ಸದ್ದು ಕೇಳಿ ಹೂಂ ಎಂದ ಮೇಲೆಯೇ ಉಳಿದದ್ದನ್ನು ಇಳಿಸುತ್ತಿದ್ದರು. ಮಣ್ಣು ಹೊರುತ್ತಿದ್ದ ಇಬ್ಬರು ಹುಡುಗಿಯರು ಅಕ್ಕನ ಪಕ್ಕ ಮಣೆ ಹಾಕಿ ಕೂತು ಆ ಕೆಲಸ ಕಲಿತರು. ನಾನು ಮುಂದೆ ಬೇರೆ ಬೇರೆ ಆಫೀಸುಗಳಲ್ಲಿ ಎಷ್ಟೋ ಜನರ ದೂರು ಬರೆದುಕೊಂಡೆ. ಯಾರಾದರೂ ಕಣ್ಣೊರೆಸಿಕೊಂಡರೆ ಪೆನ್ನು ಕೆಳಗಿಟ್ಟು ಪೂರ್ತಿ ಕೇಳುವುದನ್ನು ಅಷ್ಟರಲ್ಲಿ ಕಲಿತಿದ್ದೆ.

ಕಾರ್ಖಾನೆ ಈಗ ಇಲ್ಲ. ಅಕ್ಕನೂ ಇಲ್ಲ, ಹೋಗಿ ವರ್ಷಗಳೇ ಆದವು ಎಂದು ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು, ಈಗ ಮೊಮ್ಮಕ್ಕಳ ಅಜ್ಜಿ, ಬಂಟ್ವಾಳ ಪೇಟೆಯಲ್ಲಿ ಸಿಕ್ಕಾಗ ಹೇಳಿದಳು. ಅವರ ಹತ್ತಿರ ಬಾಯಿಬಿಟ್ಟು ಕ್ಷಮೆ ಕೇಳಿದವನಲ್ಲ ನಾನು... ಇದನ್ನು ಬರೆಯುವಾಗ ಎರಡು ಸಲ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಬೇಕಾಯಿತು. ಆದರೂ, ಈ ಸಲ ಸರಿಯಾಗಿಯೇ ಬರೆದಿದ್ದೇನೆ.